ಹುಸಿ ಪ್ರಚೋದನೆ ನಿಜಕ್ಕೂ ಹುಸಿಯೇ? ಮಿದುಳಿನ ಬಾಹ್ಯ ಪ್ರಚೋದನಾ ಸಂಶೋಧನೆಯಲ್ಲಿ ನಿಯಂತ್ರಣ ಸ್ಥಿತಿಗಳು

ಟಿಎಂಎಸ್ (ತಲೆಬುರುಡೆಯ ಮೂಲಕ ಕೊಡುವ ಕಾಂತೀಯ ಪ್ರಚೋದನೆ) ಯಂತ್ರದ ಕಾಯಿಲ್‌ನಲ್ಲಿ ಕ್ಷಣಮಾತ್ರ ವಿದ್ಯುತ್ ಹರಿದಾಗ ಏಳುವ ಕಾಂತಕ್ಷೇತ್ರವು ತಲೆಬುರುಡೆಯನ್ನು ದಾಟಿ, ಮಿದುಳಿನ ಹೊರಪದರದ ನರಕೋಶಗಳನ್ನು ಪ್ರಚೋದಿಸುತ್ತದೆ. ಅದೇ ಕ್ಷಣದಲ್ಲಿ ಕಾಯಿಲ್ ಜೋರಾಗಿ ಟಕ್ಕೆಂದು ಸದ್ದು ಮಾಡುತ್ತದೆ, ತಲೆಯ ಚರ್ಮಕ್ಕೆ ಕುಟ್ಟಿದಂತಾಗುತ್ತದೆ. ಹಣೆಯ ಬಳಿ ಹಿಡಿದರೆ ಮುಖದ ಸ್ನಾಯು ಸೆಳೆದು ಕಣ್ಣು ಮಿಟುಕುತ್ತದೆ. ಜೊತೆಗೆ ಚಿಕಿತ್ಸೆ ಸಿಗುತ್ತಿದೆ ಎಂಬ ನಿರೀಕ್ಷೆಯೂ ಇರುತ್ತದೆ. ಆದ್ದರಿಂದ ಪ್ರಚೋದನೆಯ ನಂತರ ಕಂಡ ಬದಲಾವಣೆಯನ್ನೆಲ್ಲ ಮಿದುಳಿನ ಒಂದು ಭಾಗದ ಲೆಕ್ಕಕ್ಕೆ ಹಾಕಲಾಗದು. ಸದ್ದು, ಸ್ಪರ್ಶ, ನಿರೀಕ್ಷೆಗಳ ಪಾಲನ್ನು ಕಳೆದು ಉಳಿದದ್ದೆಷ್ಟು ಎಂದು ತಿಳಿಯಲು ನಿಯಂತ್ರಣ ಸ್ಥಿತಿ ಬೇಕಾಗುತ್ತದೆ.

1985ರಲ್ಲಿ ಶೆಫೀಲ್ಡ್‌ನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಈ ತಂತ್ರವನ್ನು ಮೊದಲು ತೋರಿಸಿದಾಗ ಈ ತೊಡಕು ಅಷ್ಟಾಗಿ ಕಾಡಲಿಲ್ಲ. ಚಲನೆಯನ್ನು ನಿಯಂತ್ರಿಸುವ ಭಾಗವನ್ನು ಪ್ರಚೋದಿಸಿದರೆ ಎದುರು ಬದಿಯ ಕೈಯ ಸ್ನಾಯು ಅದುರುತ್ತದೆ. ಅದನ್ನು ಸ್ನಾಯುವಿನ ಮೇಲೆಯೇ ಅಳೆಯಬಹುದು. ಗಮನ, ನೆನಪು, ಖಿನ್ನತೆಗಳತ್ತ ಸಂಶೋಧನೆ ಹೊರಳಿದ ಮೇಲೆ ಅಂಥ ನೇರ ಸಾಕ್ಷ್ಯ ಉಳಿಯಲಿಲ್ಲ.

ಹುಸಿ ಪ್ರಚೋದನೆಗೆ, ಅಂದರೆ ನಿಜದಂತೆಯೇ ಅನಿಸಿದರೂ ಮಿದುಳನ್ನು ಪ್ರಚೋದಿಸದ ನಿಯಂತ್ರಣಕ್ಕೆ, ಮೊದಮೊದಲು ಬಳಕೆಗೆ ಬಂದ ಉಪಾಯವೆಂದರೆ ಕಾಯಿಲ್ ಅನ್ನು ತಲೆಯಿಂದ ಓರೆಯಾಗಿಸಿ ಹಿಡಿಯುವುದು. ಸದ್ದು ಉಳಿಯುತ್ತದೆ, ಕಾಂತಕ್ಷೇತ್ರ ಬೇರೆಡೆಗೆ ಹೋಗುತ್ತದೆ ಎಂಬುದು ಎಣಿಕೆ. 2001ರಲ್ಲಿ ಸಾರಾ ಲಿಸಾನ್ಬಿ ಮತ್ತು ಸಹೋದ್ಯೋಗಿಗಳು ಕೋತಿಯ ಮಿದುಳಿನೊಳಗೆ ಎಲೆಕ್ಟ್ರೋಡ್ ಇಟ್ಟು ಈ ಎಣಿಕೆಯನ್ನು ಪರೀಕ್ಷಿಸಿದರು. ಕಾಯಿಲ್‌ನ ಎರಡೂ ರೆಕ್ಕೆಗಳು ತಲೆಗೆ ತಾಗಿರುವಂತೆ 45 ಡಿಗ್ರಿ ಓರೆಯಾಗಿಸಿದಾಗ ಮಿದುಳಿನಲ್ಲಿ ಉಂಟಾದ ವೋಲ್ಟೇಜ್ ನಿಜವಾದ ಪ್ರಚೋದನೆಗಿಂತ ಸುಮಾರು 24 ಶೇಕಡಾ ಮಾತ್ರ ಕಡಿಮೆಯಿತ್ತು. ಇಂಥ ನಿಯಂತ್ರಣವನ್ನಿಟ್ಟುಕೊಂಡ ಪ್ರಯೋಗದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣದಿದ್ದರೆ ಚಿಕಿತ್ಸೆ ನಿಷ್ಫಲವೆನ್ನುವುದು ತಪ್ಪಾಗುತ್ತದೆ. ನಿಯಂತ್ರಣ ಗುಂಪಿಗೂ ಸ್ವಲ್ಪ ಚಿಕಿತ್ಸೆ ಸಿಕ್ಕಿರಬಹುದು. ಹುಸಿ ಪ್ರಚೋದನೆ ಸೋಲುವುದು ಈ ಎರಡು ಬಗೆಯಲ್ಲೇ: ಒಂದೋ ಅದು ಹುಸಿಯೆಂದು ಗೊತ್ತಾಗಿಬಿಡುತ್ತದೆ, ಇಲ್ಲವೇ ಅದು ಹುಸಿಯಾಗಿ ಉಳಿಯುವುದಿಲ್ಲ. ಮೊದಲ ಸೋಲಿನ ಬಗ್ಗೆ ನಡೆದಷ್ಟು ಚರ್ಚೆ ಎರಡನೆಯದರ ಬಗ್ಗೆ ನಡೆದಿಲ್ಲ.

ಮುಂದೆ ಬಂದ ಹುಸಿ ಕಾಯಿಲ್‌ಗಳು ಕಾಂತಕ್ಷೇತ್ರವನ್ನು ಲೋಹದ ಫಲಕದಿಂದ ತಡೆಯುತ್ತವೆ. ಚರ್ಮಕ್ಕೆ ಅಂಟಿಸಿದ ಎಲೆಕ್ಟ್ರೋಡ್‌ಗಳು ಕುಟ್ಟಿದಂಥ ಅನುಭವವನ್ನು ಕೊಡುತ್ತವೆ. ಅಮೆರಿಕದಲ್ಲಿ ಮಾರ್ಕ್ ಜಾರ್ಜ್ ನೇತೃತ್ವದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಖಿನ್ನತೆಯ ಪ್ರಯೋಗದಲ್ಲಿ ಇಂಥ ವ್ಯವಸ್ಥೆಯಿತ್ತು. 190 ರೋಗಿಗಳ ಪೈಕಿ ನಿಜ ಪ್ರಚೋದನೆ ಪಡೆದವರಲ್ಲಿ 14.1 ಶೇಕಡಾ, ಹುಸಿ ಪ್ರಚೋದನೆ ಪಡೆದವರಲ್ಲಿ 5.1 ಶೇಕಡಾ ಮಂದಿಯ ಖಿನ್ನತೆ ಬಹುಮಟ್ಟಿಗೆ ಇಳಿಯಿತು. ಅಂತರ ದೊಡ್ಡದಲ್ಲ, ಆದರೆ ನಂಬಬಹುದಾದದ್ದು; ಆ ನಂಬಿಕೆಗೆ ನಿಯಂತ್ರಣದ ಗುಣಮಟ್ಟವೇ ಆಧಾರ.

ಪ್ರಯೋಗಾಲಯದ ಅಧ್ಯಯನಗಳಲ್ಲಿ ಇನ್ನೊಂದು ದಾರಿಯಿದೆ: ನಿಜವಾದ ಪ್ರಚೋದನೆಯನ್ನೇ, ಪ್ರಶ್ನೆಗೆ ಸಂಬಂಧವಿಲ್ಲದ ಜಾಗಕ್ಕೆ, ಸಾಮಾನ್ಯವಾಗಿ ನೆತ್ತಿಗೆ, ಕೊಡುವುದು. ಆದರೆ ಎಲ್ಲ ಜಾಗಗಳೂ ಒಂದೇ ರೀತಿ ಅನುಭವಕ್ಕೆ ಬರುವುದಿಲ್ಲ. ಹಣೆ, ಕಣತಲೆಗಳ ಬಳಿ ಕಿರಿಕಿರಿ ಹೆಚ್ಚು, ನೆತ್ತಿಯಲ್ಲಿ ಕಡಿಮೆ. ಕಿರಿಕಿರಿ ಹೆಚ್ಚಿದಲ್ಲಿ ಕೆಲಸ ನಿಧಾನವಾಗಬಹುದು ಎಂಬುದನ್ನು ಲಾಟೀ ಮೆಟೆಯಾರ್ಡ್ ಮತ್ತು ನಿಕೊಲಸ್ ಹೋಮ್ಸ್ 2018ರಲ್ಲಿ ತಲೆಯ ಹಲವು ಬಿಂದುಗಳಲ್ಲಿ ಅಳೆದು ತೋರಿಸಿದ್ದಾರೆ. ಮುಂಭಾಗದ ಪ್ರಚೋದನೆಯನ್ನು ನೆತ್ತಿಯ ಪ್ರಚೋದನೆಯೊಂದಿಗೆ ಹೋಲಿಸಿ ‘ಗಮನ ಕುಗ್ಗಿತು’ ಎಂದು ತೀರ್ಮಾನಿಸುವ ಪ್ರಬಂಧವು ಕುಗ್ಗಿಸಿದ್ದು ಮಿದುಳೋ ಕಿರಿಕಿರಿಯೋ ಎಂಬುದಕ್ಕೆ ಮೊದಲು ಉತ್ತರಿಸಬೇಕು.

ಈ ತೊಡಕನ್ನು ದಾಟುವ ಅತ್ಯಂತ ಚೊಕ್ಕ ಉಪಾಯ ಹಳೆಯದೇ. 1989ರಲ್ಲಿ ವಾಹೆ ಅಮಾಸಿಯನ್ ಮತ್ತು ಸಂಗಡಿಗರು ಪರದೆಯ ಮೇಲೆ ಅಕ್ಷರಗಳನ್ನು ಮಿಂಚಿಸಿ, ತಲೆಯ ಹಿಂಭಾಗಕ್ಕೆ ಬೇರೆ ಬೇರೆ ವಿಳಂಬಗಳಲ್ಲಿ ಒಂದೊಂದು ಪಲ್ಸ್ ಕೊಟ್ಟರು. ಸುಮಾರು 80ರಿಂದ 100 ಮಿಲಿಸೆಕೆಂಡಿನ ವಿಳಂಬದಲ್ಲಿ ಅಕ್ಷರಗಳು ಕಾಣದಾದವು. ತೀರ ಬೇಗ ಅಥವಾ ತೀರ ತಡವಾಗಿ ಕೊಟ್ಟಾಗ ಕಂಡವು. ಸದ್ದು, ಸ್ಪರ್ಶ, ಜಾಗ, ತೀವ್ರತೆ ಎಲ್ಲವೂ ಅವೇ. ಬದಲಾದದ್ದು ಕಾಲ ಮಾತ್ರ. ಇಲ್ಲಿ ಪ್ರಯೋಗವೇ ತನಗೆ ತಾನು ನಿಯಂತ್ರಣ. ಆದರೆ ವಾರಗಟ್ಟಲೆ ನಡೆಯುವ ಚಿಕಿತ್ಸೆಗೆ ಈ ಉಪಾಯ ಒಗ್ಗುವುದಿಲ್ಲ.

ನೇರ ವಿದ್ಯುತ್ತನ್ನು ಹರಿಸುವ ಟಿಡಿಸಿಎಸ್‌ನ ಸಮಸ್ಯೆ ಬೇರೆ. ಗಟಿಂಗೆನ್‌ನ ಮೈಕೆಲ್ ನಿಟ್ಷೆ ಮತ್ತು ವಾಲ್ಟರ್ ಪೌಲಸ್ ಅವರ 2000ದ ಪ್ರಬಂಧದ ನಂತರ ಇದು ವ್ಯಾಪಕವಾಗಿ ಬಳಕೆಗೆ ಬಂತು. ಇದರಲ್ಲಿ ಸದ್ದಿಲ್ಲ, ಆರಂಭದಲ್ಲಿ ಚುರುಗುಟ್ಟುವಿಕೆ, ತುರಿಕೆ ಇದ್ದು ಬೇಗ ಇಳಿಯುತ್ತವೆ. ಹಾಗಾಗಿ ಅರ್ಧ ನಿಮಿಷದಷ್ಟು ಹೊತ್ತು ವಿದ್ಯುತ್ ಹರಿಸಿ ನಿಲ್ಲಿಸಿದರೆ ಸಾಕು, ವ್ಯಕ್ತಿಗೆ ವ್ಯತ್ಯಾಸ ತಿಳಿಯದು ಎಂದು 2006ರಲ್ಲಿ ಗಂಡಿಗಾ, ಹಮ್ಮೆಲ್ ಮತ್ತು ಕೋಹೆನ್ 1 ಮಿಲಿಆಂಪಿಯರ್ ಪ್ರಮಾಣದಲ್ಲಿ ತೋರಿಸಿದರು. ಆ ಪ್ರಬಂಧವನ್ನು ಉಲ್ಲೇಖಿಸುತ್ತಲೇ ಅನೇಕರು 2 ಮಿಲಿಆಂಪಿಯರ್‌ಗೆ ಏರಿದರು. 2012ರಲ್ಲಿ ನೀಲ್ ಓಕಾನೆಲ್ ಮತ್ತು ಸಂಗಡಿಗರು 100 ಆರೋಗ್ಯವಂತರಲ್ಲಿ ಪರೀಕ್ಷಿಸಿದಾಗ ಆ ಮಟ್ಟದಲ್ಲಿ ಗುಟ್ಟು ಉಳಿಯಲಿಲ್ಲ. ಎಲೆಕ್ಟ್ರೋಡ್ ತೆಗೆದ ಜಾಗದ ಕೆಂಪು ಕಲೆಯಿಂದ ಪರೀಕ್ಷಕರಿಗೂ ಸುಳಿವು ಸಿಗುವಂತಿತ್ತು. ಒಂದು ಪ್ರಮಾಣದಲ್ಲಿ ಸಾಬೀತಾದ ನಿಯಂತ್ರಣವನ್ನು ಇನ್ನೊಂದು ಪ್ರಮಾಣಕ್ಕೆ ಪರೀಕ್ಷಿಸದೆ ಒಯ್ದದ್ದು ಈ ಕ್ಷೇತ್ರದ ದುಬಾರಿ ಅಭ್ಯಾಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಸ್ಕಿಜೋಫ್ರೇನಿಯಾ ರೋಗಿಗಳ ಧ್ವನಿಭ್ರಮೆಗೆ ಟಿಡಿಸಿಎಸ್ ಬಳಸಿ ಹುಸಿ ಪ್ರಚೋದನೆಯ ನಿಯಂತ್ರಣವಿರುವ ಅಧ್ಯಯನಗಳು ನಡೆದಿರುವುದರಿಂದ ಈ ಪ್ರಶ್ನೆ ಕರ್ನಾಟಕಕ್ಕೆ ದೂರದ್ದಲ್ಲ.

ಪರ್ಯಾಯ ವಿದ್ಯುತ್ತಿನ ಟಿಎಸಿಎಸ್‌ಗೆ ಇನ್ನೂ ಕಠಿಣ ಪ್ರಶ್ನೆ ಎದುರಾಗಿದೆ. ಚಲನೆಯ ಭಾಗದ ಮೇಲೆ ಅದು ಬೀರುವ ಪರಿಣಾಮಕ್ಕೆ ಚರ್ಮದ ನರಗಳೇ ಬಹುಪಾಲು ಕಾರಣವೆಂದು 2019ರಲ್ಲಿ ಬೆಲ್ಜಿಯಂನ ಅಸಮೋವಾ, ಖತೂನ್, ಮೆಕ್‌ಲಾಫ್ಲಿನ್ ವರದಿ ಮಾಡಿದರು. ಚರ್ಮಕ್ಕೆ ಅರಿವಳಿಕೆ ಹಚ್ಚಿದಾಗ ಆ ಪರಿಣಾಮ ಕುಗ್ಗಿತು. ಅರ್ಧ ನಿಮಿಷದಲ್ಲಿ ನಿಲ್ಲುವ ಹುಸಿ ಪ್ರಚೋದನೆಗೆ ಈ ಸಾಧ್ಯತೆಯನ್ನು ತಳ್ಳಿಹಾಕುವ ಶಕ್ತಿಯಿಲ್ಲ.

ಭಾಗವಹಿಸಿದವರನ್ನು ‘ನಿಮಗೆ ಸಿಕ್ಕದ್ದು ನಿಜವೋ ಹುಸಿಯೋ’ ಎಂದು ಕೇಳುವುದು ಈಗ ರೂಢಿಯಾಗಿದೆ. ಯಾವಾಗ ಕೇಳಲಾಯಿತು ಎಂಬುದು ಮುಖ್ಯ. ಚಿಕಿತ್ಸೆ ಮುಗಿದ ಮೇಲೆ ಕೇಳಿದರೆ ಗುಣವಾದವರು ‘ನಿಜ’ ಎನ್ನುತ್ತಾರೆ. ಆಗ ಊಹೆ ಫಲವನ್ನು ಹುಟ್ಟಿಸಿತೋ ಫಲ ಊಹೆಯನ್ನು ಹುಟ್ಟಿಸಿತೋ ಬಿಡಿಸಲಾಗದು. ಮೊದಲ ಒಂದೆರಡು ಅವಧಿಗಳ ನಂತರವೇ ಕೇಳಿ ದಾಖಲಿಸುವುದು ಮೇಲು. ಹಾಗೆಯೇ ಯಾವ ಕಾಯಿಲ್, ಯಾವ ಕೋನ, ಎಷ್ಟು ಮಿಲಿಆಂಪಿಯರ್, ಎಷ್ಟು ಸೆಕೆಂಡು ಎಂಬ ವಿವರಗಳನ್ನು ನಿಜ ಪ್ರಚೋದನೆಗೆ ಬರೆಯುವಷ್ಟೇ ಪೂರ್ಣವಾಗಿ ಹುಸಿ ಪ್ರಚೋದನೆಗೂ ಬರೆಯಬೇಕು. ‘ಹುಸಿ ಪ್ರಚೋದನೆ ನೀಡಲಾಯಿತು’ ಎಂಬ ಒಂದೇ ಸಾಲು ಇರುವ ಪ್ರಬಂಧದ ಫಲಿತಾಂಶವನ್ನು ತೂಗಿ ನೋಡಲು ಓದುಗರಿಗೆ ಆಧಾರವೇ ಇರುವುದಿಲ್ಲ.