ಕಾರಣಕ್ಕೆ ವಿರುದ್ಧಪದ ಏನು?

ಹಗಲಿಗೆ ರಾತ್ರಿ, ಸಿಹಿಗೆ ಕಹಿ, ಲಾಭಕ್ಕೆ ನಷ್ಟ. ಸರಿ, ಕಾರಣಕ್ಕೆ? ಇಂಗ್ಲಿಷ್ ಗೈಡು ತೆಗೆದರೆ ‘ಕಾಸ್’ ಎದುರಿಗೆ ‘ಎಫೆಕ್ಟ್’ ಅಂತ ಬರೆದು ಮುಗಿಸಿರುತ್ತಾರೆ. ಕೆಲವರು ‘ರಿಸಲ್ಟ್’ ಅಂತಾರೆ, ಇನ್ನು ಕೆಲವರು ‘ಕಾನ್ಸಿಕ್ವೆನ್ಸ್’. ಮಕ್ಕಳು ಬಾಯಿಪಾಠ ಮಾಡ್ತಾರೆ, ಒಂದು ಅಂಕ ಬರುತ್ತೆ. ಆದರೆ ಇದು ಹಗಲು–ರಾತ್ರಿಯಂಥ ಜೋಡಿ ಅಲ್ಲ. ಹಗಲಿದ್ದಾಗ ರಾತ್ರಿ ಇರೋದಿಲ್ಲ. ಕಾರಣ ಇಲ್ಲದೆ ಪರಿಣಾಮ ಅನ್ನೋ ಮಾತೇ ಹುಟ್ಟೋದಿಲ್ಲ. ಇದು ಗುರು–ಶಿಷ್ಯ, ಕೊಳ್ಳುವವ–ಮಾರುವವ ಥರದ ಜೋಡಿ. ಸಾಲದ್ದಕ್ಕೆ, ಇವತ್ತಿನ ಪರಿಣಾಮವೇ ನಾಳೆ ಇನ್ನೊಂದಕ್ಕೆ ಕಾರಣ. ಫಲದ ಹೊಟ್ಟೆಯಲ್ಲೇ ಬೀಜ ಇರುತ್ತಲ್ಲ, ಹಾಗೆ.

ಇವೆರಡನ್ನು ಎದುರುಬದುರು ಕೂರಿಸಿದವರಲ್ಲಿ ಹೆಸರಾದವರು ಪೀಟರ್ ಮಾರ್ಕ್ ರೋಜೆ. ವೃತ್ತಿಯಿಂದ ವೈದ್ಯರು, ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದವರು. 1852ರಲ್ಲಿ, ತಮ್ಮ 73ನೇ ವಯಸ್ಸಿನಲ್ಲಿ, ‘ಥೆಸಾರಸ್’ ಪ್ರಕಟಿಸಿದರು. ಅದರಲ್ಲಿ ಪದಗಳು ಅಕಾರಾದಿಯಾಗಿ ಇರಲಿಲ್ಲ, ಅರ್ಥದ ಪ್ರಕಾರ ಗುಂಪುಗೂಡಿದ್ದವು. ಒಂದಕ್ಕೊಂದು ಎದುರಾದ ಅರ್ಥಗಳಿಗೆ ಅಕ್ಕಪಕ್ಕ ಎರಡು ಕಾಲಮ್ಮು. 153ನೆಯದು ಕಾಸ್, 154ನೆಯದು ಎಫೆಕ್ಟ್. ನಡುವೆ ಒಂದು ಖಾಲಿ ಜಾಗ.

ಆ ಪದಗಳ ಪೂರ್ವಾಶ್ರಮ ನೋಡಿದರೆ, ಅವು ಒಂದೇ ಸಾಲಿನಲ್ಲಿ ಕೂರುವಂಥವೇ ಅಲ್ಲ ಅನ್ನಿಸುತ್ತೆ. ‘ಕಾಸ್’ ಬಂದಿದ್ದು ಲ್ಯಾಟಿನ್ನಿನ ‘ಕೌಸಾ’ದಿಂದ. ಅದಕ್ಕೆ ಕಾರಣ ಅನ್ನೋ ಅರ್ಥವೂ ಇತ್ತು, ಕೋರ್ಟಿನ ದಾವೆ ಅನ್ನೋ ಅರ್ಥವೂ ಇತ್ತು. ಇವತ್ತಿಗೂ ನಮ್ಮ ಕೋರ್ಟುಗಳಲ್ಲಿ ದಿನದ ಕೇಸುಗಳ ಪಟ್ಟಿಗೆ ‘ಕಾಸ್ ಲಿಸ್ಟ್’ ಅಂತಲೇ ಹೆಸರು. ‘ಎಫೆಕ್ಟ್’ ಅಂದರೆ ಮಾಡಿ ಮುಗಿಸಿದ್ದು. ‘ಕಾನ್ಸಿಕ್ವೆನ್ಸ್’ ಅಂದರೆ ಬೆನ್ನಿಗೇ ಬಂದದ್ದು. ‘ರಿಸಲ್ಟ್’ ಅಂದರೆ ಪುಟಿದು ವಾಪಸ್ ಬಂದದ್ದು, ಗೋಡೆಗೆ ಎಸೆದ ಚೆಂಡಿನ ಹಾಗೆ. ‘ಆಫ್ಟರ್‌ಮ್ಯಾತ್’ ಅಂತೂ ಲ್ಯಾಟಿನ್ನೇ ಅಲ್ಲ, ಅಪ್ಪಟ ಇಂಗ್ಲಿಷ್ ರೈತರ ಮಾತು. ಹುಲ್ಲು ಕೊಯ್ದ ಮೇಲೆ ಅದೇ ಬುಡದಿಂದ ಮತ್ತೆ ಚಿಗುರೋ ಹುಲ್ಲು. ಕಬ್ಬಿನಲ್ಲಿ ನಾವು ಕೂಳೆ ಅಂತೀವಲ್ಲ, ಅಂಥದ್ದೇ. ಈಗ ಯುದ್ಧ, ಭೂಕಂಪ ಆದಮೇಲಷ್ಟೇ ಆ ಪದದ ನೆನಪಾಗುತ್ತೆ.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಚೆಂಡು ಪುಟಿದು ಬಂತು, ಹುಲ್ಲು ಚಿಗುರಿತು. ಎಸೆದವರು ಯಾರು? ಕುಡುಗೋಲು ಹಿಡಿದವರು ಯಾರು? ಅದನ್ನು ಈ ಪದಗಳು ಹೇಳೋದಿಲ್ಲ.

ಕನ್ನಡಕ್ಕೆ ಸಂಸ್ಕೃತದಿಂದ ಬಂದ ಜೋಡಿ ಕಾರ್ಯ–ಕಾರಣ. ಎರಡೂ ‘ಕೃ’, ಅಂದರೆ ‘ಮಾಡು’ ಅನ್ನೋ ಒಂದೇ ಧಾತುವಿನವು. ಅದೇ ಮನೆಯ ಮೂರನೆಯ ಕೂಸು ‘ಕರ್ತೃ’, ಮಾಡಿದವನು. ನ್ಯಾಯಶಾಸ್ತ್ರದವರು ಬಟ್ಟೆಗೆ ನೂಲು ಒಂದು ಕಾರಣ, ನೂಲುಗಳ ಕೂಡುವಿಕೆ ಇನ್ನೊಂದು ಕಾರಣ ಅಂತ ಹೇಳಿ ಸುಮ್ಮನಾಗಲಿಲ್ಲ. ನೇಯುವವನನ್ನೂ ಮಗ್ಗವನ್ನೂ ‘ನಿಮಿತ್ತ ಕಾರಣ’ ಅಂತ ಲೆಕ್ಕಕ್ಕೆ ಹಿಡಿದರು. ಮಾಡಿದವನಿಗೆ ಲೆಕ್ಕದಲ್ಲೇ ಜಾಗ ಇತ್ತು. ಆಮೇಲೆ ನಾವೇನು ಮಾಡಿದೆವು? ‘ನಾನು ನಿಮಿತ್ತ ಮಾತ್ರ’ ಅಂತ ಕೈತೊಳೆಯೋಕೆ ಅದೇ ಪದ ಬಳಸಿಕೊಂಡೆವು. ‘ಕಾರಣಾಂತರಗಳಿಂದ ಕಾರ್ಯಕ್ರಮವನ್ನು ಮುಂದೂಡಲಾಗಿದೆ’ ಅನ್ನೋ ನೋಟಿಸಿನಲ್ಲಿ ಕಾರಣವೂ ಇದೆ, ಕಾರ್ಯವೂ ಇದೆ, ಮುಂದೂಡಿದವರು ಮಾತ್ರ ಇಲ್ಲ.

ನೋಟಿಸಿನಲ್ಲಿ ಇದು ತಮಾಷೆ. ಚರಿತ್ರೆಯಲ್ಲಿ ಅಲ್ಲ. ‘ಕಾರಣಗಳು ಮತ್ತು ಪರಿಣಾಮಗಳನ್ನು ವಿವರಿಸಿ’ ಅನ್ನೋ ಪ್ರಶ್ನೆಗೆ ನಾವೆಲ್ಲ ಎರಡು ಪಟ್ಟಿ ಬರೆದವರೇ. 1876–78ರ ಬರವನ್ನು ತಗೊಳ್ಳಿ. ಧಾತು, ಈಶ್ವರ ಸಂವತ್ಸರಗಳಲ್ಲಿ ಮೈಸೂರು ಸೀಮೆಯನ್ನೂ ಮದ್ರಾಸ್ ಪ್ರಾಂತ್ಯವನ್ನೂ ಹಿಂಡಿದ ಬರ ಅದು. ಕಾರಣ: ಮಳೆ ಬರಲಿಲ್ಲ. ಪರಿಣಾಮ: ಜನ ಸತ್ತರು. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ಸುಮಾರು 50 ಲಕ್ಷ, 1881ರಲ್ಲಿ ಸುಮಾರು 42 ಲಕ್ಷ. ಎರಡೂ ವಾಕ್ಯ ನಿಜ. ಅಂಕ ಸಿಗುತ್ತೆ.

ಆದರೆ ನಡುವಿನ ಖಾಲಿ ಜಾಗದಲ್ಲಿ ಮನುಷ್ಯರಿದ್ದರು. ಆಗ ಮೈಸೂರು ಇನ್ನೂ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು ಅನ್ನೋದು ವೈಸರಾಯ್ ಲಿಟ್ಟನ್‌ರ ಹಟ. 1877ರ ಜನವರಿ 1ರಂದು ದೆಹಲಿಯಲ್ಲಿ ಅವರು ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಅಂತ ಸಾರುವ ದರ್ಬಾರು ನಡೆಸುತ್ತಿದ್ದಾಗ ದಕ್ಷಿಣದಲ್ಲಿ ಜನ ಹಸಿದಿದ್ದರು. ಖರ್ಚು ಹತೋಟಿಗೆ ತರಲು ಅದೇ ತಿಂಗಳು ರಿಚರ್ಡ್ ಟೆಂಪಲ್ ದಕ್ಷಿಣಕ್ಕೆ ಬಂದರು. ಮದ್ರಾಸ್ ಪ್ರಾಂತ್ಯದ ಬರ ಪರಿಹಾರದ ಕೆಲಸಗಳಲ್ಲಿ ದುಡಿಯೋ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೊಂದಾಣೆ ಅಂತ ಕೂಲಿ ಇಳಿಸಿದರು. ಒಂದು ಪೌಂಡ್ ಅಂದರೆ ಅರ್ಧ ಕಿಲೋ ಕೂಡ ಇಲ್ಲ. ಮದ್ರಾಸಿನ ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿ ಡಾ. ಕಾರ್ನಿಶ್, ಇದರಲ್ಲಿ ಜೀವ ಉಳಿಯೋದಿಲ್ಲ ಅಂತ ಗಟ್ಟಿಯಾಗಿ ವಿರೋಧಿಸಿದರು. ಅಂದರೆ ಬೇರೆ ದಾರಿ ಇತ್ತು, ಅದನ್ನು ಹೇಳುವವರೂ ಇದ್ದರು. ಮಳೆ ಯಾರ ಕೂಲಿಯನ್ನೂ ಇಳಿಸಲಿಲ್ಲ.

ಪರಿಣಾಮದ ಪಟ್ಟಿ ಅಲ್ಲಿಗೇ ಮುಗಿಯಲೂ ಇಲ್ಲ. ಆ ಸಾವುಗಳೇ 1880ರ ಕ್ಷಾಮ ಆಯೋಗದ ವರದಿಗೆ ಕಾರಣವಾದವು. ಆ ವರದಿಯಿಂದ, ಬರ ಬಂದರೆ ಅಧಿಕಾರಿ ಏನೇನು ಮಾಡಬೇಕು ಅನ್ನೋ ಕ್ಷಾಮ ಸಂಹಿತೆಗಳು ಹುಟ್ಟಿದವು. ‘ಮಾಡಬೇಕಾದವನು ಯಾರು’ ಅನ್ನೋದನ್ನು ಸರ್ಕಾರ ಕೊನೆಗೆ ಕಾಗದದ ಮೇಲೆ ಬರೆಯಬೇಕಾಯಿತು.

ಹಾಗಾಗಿ ಕಾರಣದ ವಿರುದ್ಧಪದ ಏನು ಅಂತ ಮಕ್ಕಳು ಕೇಳಿದರೆ ‘ಪರಿಣಾಮ’ ಅಂತಲೇ ಹೇಳಿ. ಪರೀಕ್ಷೆಗೆ ಅದು ಬೇಕು. ಚರಿತ್ರೆಯ ಪುಸ್ತಕ ಬಿಚ್ಚಿದಾಗ ಮಾತ್ರ ಎರಡು ಕಾಲಮ್ಮಿನ ನಡುವೆ ಪೆನ್ಸಿಲ್ಲಲ್ಲಿ ಇನ್ನೊಂದು ಗೆರೆ ಎಳೆಸಿ, ಮೇಲೆ ‘ಮಾಡಿದವರು’ ಅಂತ ಬರೆಸಿ. ತುಂಬಿಸೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ.