ಛಾಯಾಚಿತ್ರದಿಂದ ಕಿರುವೀಡಿಯೊ: ಎಐ ಸಾಧನಗಳ ಬಳಕೆ ಮತ್ತು ಎಚ್ಚರಿಕೆ

ಒಂದೇ ಒಂದು ಛಾಯಾಚಿತ್ರವನ್ನು ಕೊಟ್ಟು ಅದರಿಂದ ಕೆಲವು ಸೆಕೆಂಡುಗಳ ಚಲಿಸುವ ದೃಶ್ಯವನ್ನು ಪಡೆಯುವ ವಿಧಾನಕ್ಕೆ ‘ಚಿತ್ರದಿಂದ ವೀಡಿಯೊ’ ಎನ್ನುತ್ತಾರೆ. ಕೃತಕ ಬುದ್ಧಿಮತ್ತೆ ಅಂದರೆ ಎಐ ಆಧಾರಿತ ಈ ಸಾಧನಗಳು 2023ರಿಂದೀಚೆಗೆ ಸಾಮಾನ್ಯರ ಕೈಗೆ ಬಂದಿವೆ. ಈಗ ಮೊಬೈಲಿನಲ್ಲೇ ಸಿಗುತ್ತವೆ. ಷಷ್ಟ್ಯಬ್ದಿ, ಪುಣ್ಯಸ್ಮರಣೆ, ಬಸದಿಯ ವಾರ್ಷಿಕೋತ್ಸವ ಯಾವುದೇ ಇರಲಿ, ವಾಟ್ಸಾಪ್ ಗುಂಪಿನಲ್ಲಿ ಇಂತಹ ಒಂದು ವೀಡಿಯೊ ಬರುವುದು ವಾಡಿಕೆಯಾಗುತ್ತಿದೆ. ತೀರಿಕೊಂಡ ಹಿರಿಯರು ತಲೆ ತಿರುಗಿಸಿ ನಗುತ್ತಾರೆ, ಹಳೆಯ ರಥ ಮುಂದಕ್ಕೆ ಹೊರಡುತ್ತದೆ. ನೋಡಿದವರಿಗೆ ಸಂತೋಷವಾಗುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ಆದರೆ ಆ ದೃಶ್ಯದಲ್ಲಿ ನಿಜವಾದದ್ದು ಎಷ್ಟು ಎಂಬುದನ್ನು ಕೇಳುವವರು ಕಡಿಮೆ.

ಲೆಕ್ಕ ಹಾಕಿದರೆ ಬೇಗ ತಿಳಿಯುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಕಣ್ಣ ಮುಂದೆ ಹಾದುಹೋಗುತ್ತವೆ. ಅದೇ ವೇಗದಲ್ಲಿ 8 ಸೆಕೆಂಡಿನ ವೀಡಿಯೊಗೆ 192 ಚಿತ್ರಗಳು ಬೇಕು. ಬಳಕೆದಾರ ಕೊಟ್ಟದ್ದು 1. ಉಳಿದ 191ನ್ನು ಯಂತ್ರ ತಾನೇ ಊಹಿಸಿ ತುಂಬುತ್ತದೆ. 1 ರೂಪಾಯಿ ಅಸಲಿಗೆ 191 ರೂಪಾಯಿ ಕೈಗಡ ತಂದ ವ್ಯಾಪಾರ ಇದು.

1878ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಓಡುವ ಕುದುರೆಯ ಚಿತ್ರ ತೆಗೆಯಲು 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟಿದ್ದ. ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬ ಪ್ರಶ್ನೆಗೆ ಆ ಚಿತ್ರಗಳು ಹೌದು ಎಂದು ಉತ್ತರ ಕೊಟ್ಟವು. ಆ ಉತ್ತರಕ್ಕೆ ಬೆಲೆ ಬಂದದ್ದು 12 ಚಿತ್ರಗಳೂ ಕ್ಯಾಮೆರಾ ಕಂಡವೇ ಆಗಿದ್ದವು ಎಂಬ ಕಾರಣಕ್ಕೆ. ಇಂದು ಒಂದು ಕುದುರೆಯ ಚಿತ್ರ ಕೊಟ್ಟು ಎಐ ಮೂಲಕ ಓಡಿಸಿದರೆ ಓಟ ಸೊಗಸಾಗಿಯೇ ಇರುತ್ತದೆ, ಆದರೆ ಆ ಕುದುರೆ ಹೇಗೆ ಓಡಿತ್ತು ಎಂಬುದಕ್ಕೆ ಅದು ಸಾಕ್ಷಿಯಾಗುವುದಿಲ್ಲ.

ಕೆಲಸ ಮಾಡುವ ಬಗೆ

ಈ ಸಾಧನಗಳಲ್ಲಿ ಹೆಚ್ಚಿನವು ‘ಡಿಫ್ಯೂಷನ್’ ಎಂಬ ಪದ್ಧತಿಯವು. ಹಳೆಯ ಟಿವಿಯಲ್ಲಿ ಸಿಗ್ನಲ್ ಹೋದಾಗ ಕಪ್ಪು ಬಿಳುಪು ಚುಕ್ಕೆಗಳು ಕುದಿಯುತ್ತಿದ್ದವಲ್ಲ, ಅಂತಹ ಚುಕ್ಕೆಗಳನ್ನು ಅಪಾರ ಸಂಖ್ಯೆಯ ವೀಡಿಯೊಗಳ ಮೇಲೆ ಬೆರೆಸಿ, ಮತ್ತೆ ಅವನ್ನು ತೆಗೆದು ಶುದ್ಧ ಮಾಡುವುದನ್ನು ಯಂತ್ರಕ್ಕೆ ಕಲಿಸುತ್ತಾರೆ. ಕಲಿತ ಮೇಲೆ ಬರೀ ಚುಕ್ಕೆಗಳಿಂದಲೇ ಹೊಸ ದೃಶ್ಯವನ್ನು ಅದು ಬಿಡಿಸಬಲ್ಲದು. ನಾವು ಕೊಡುವ ಛಾಯಾಚಿತ್ರ ಸಾಮಾನ್ಯವಾಗಿ ಮೊದಲ ಚೌಕಟ್ಟು. ಮುಂದಿನದು ‘ಇಂತಹ ದೃಶ್ಯದ ನಂತರ ಸಾಮಾನ್ಯವಾಗಿ ಏನಾಗುತ್ತದೆ’ ಎಂಬ ಅಂದಾಜು. ನಮ್ಮ ಅಜ್ಜ ಹೇಗೆ ನಗುತ್ತಿದ್ದರು ಎಂಬುದು ಅದಕ್ಕೆ ಗೊತ್ತಿಲ್ಲ. ಯಾರು ಯಾರೋ ನಕ್ಕ ನಗುವಿನ ಸರಾಸರಿಯನ್ನು ಅಜ್ಜನ ಮುಖಕ್ಕೆ ಹಚ್ಚುತ್ತದೆ.

ಈ ಜಾತಿಯ ಮೊದಲ ಜನಪ್ರಿಯ ಸಾಧನ 2021ರ ಫೆಬ್ರುವರಿಯಲ್ಲಿ ಬಂದ ‘ಡೀಪ್ ನಾಸ್ಟಾಲ್ಜಿಯಾ’. ವಂಶವೃಕ್ಷ ಹುಡುಕಿಕೊಡುವ ಮೈಹೆರಿಟೇಜ್ ಎಂಬ ಇಸ್ರೇಲಿನ ಸಂಸ್ಥೆಯದು. ಅದರ ವಿಧಾನ ಈಗಿನಂತೆ ಇರಲಿಲ್ಲ. ಬೇರೆಯವರ ತಲೆ ತಿರುಗಿಸುವಿಕೆ, ಕಣ್ಣು ಮಿಟುಕಿಸುವಿಕೆ, ಮುಗುಳ್ನಗೆಗಳನ್ನು ಮೊದಲೇ ಚಿತ್ರೀಕರಿಸಿ, ಆ ಚಲನೆಯನ್ನು ನಮ್ಮ ಚಿತ್ರದ ಮುಖಕ್ಕೆ ಹೊಂದಿಸುತ್ತಿದ್ದರು. ದುರುಪಯೋಗವಾದೀತು ಎಂದು ಮಾತಾಡಿಸುವ ಸೌಲಭ್ಯವನ್ನು ಆಗ ಬೇಕೆಂದೇ ಕೊಟ್ಟಿರಲಿಲ್ಲ. ಆ ಸಂಯಮ ಬಹಳ ದಿನ ಉಳಿಯಲಿಲ್ಲ ಎನ್ನಬೇಕು. 2023ರಲ್ಲಿ ರನ್‌ವೇ, ಪಿಕಾ, ಸ್ಟೇಬಲ್ ವೀಡಿಯೊ ಡಿಫ್ಯೂಷನ್ ಬಂದವು. 2024ರ ಜೂನ್‌ನಲ್ಲಿ ಚೀನಾದ ಕ್ಲಿಂಗ್ ಮತ್ತು ಅಮೆರಿಕದ ಲೂಮಾ ಡ್ರೀಮ್ ಮಷಿನ್. 2025ರ ಮೇ ತಿಂಗಳಲ್ಲಿ ಗೂಗಲ್‌ನ ವಿಯೋ 3 ದೃಶ್ಯದ ಜೊತೆಗೆ ಧ್ವನಿಯನ್ನೂ ಸೃಷ್ಟಿಸತೊಡಗಿತು. ಅದೇ ಜುಲೈನಲ್ಲಿ ಜೆಮಿನಿಯೊಳಗೆ ಒಂದು ಛಾಯಾಚಿತ್ರದಿಂದ 8 ಸೆಕೆಂಡಿನ ವೀಡಿಯೊ ಮಾಡುವ ಸೌಲಭ್ಯ ಹಣ ಕೊಟ್ಟ ಚಂದಾದಾರರಿಗೆ ದೊರೆಯಿತು.

ಮಾಡುವಾಗ ಗಮನಿಸಬೇಕಾದದ್ದು

ಫಲಿತಾಂಶದ ಅರ್ಧ ಭಾಗ ಮೂಲ ಚಿತ್ರದ ಮೇಲೆ ನಿಂತಿದೆ. ಗೋಡೆಗೆ ಹಾಕಿದ ಚಿತ್ರವನ್ನು ಗಾಜಿನ ಮೇಲಿಂದಲೇ ಮೊಬೈಲಿನಲ್ಲಿ ತೆಗೆದರೆ ಟ್ಯೂಬ್‌ಲೈಟಿನ ಪ್ರತಿಬಿಂಬವೂ ಬರುತ್ತದೆ, ಯಂತ್ರ ಅದನ್ನೂ ಒಂದು ವಸ್ತುವೆಂದು ತಿಳಿದು ಅಲುಗಾಡಿಸುತ್ತದೆ. ಚೌಕಟ್ಟಿನಿಂದ ಬಿಚ್ಚಿ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಸಣ್ಣ ಅಳತೆಯ ಹಳೆಯ ಚಿತ್ರಕ್ಕೆ 600 ಡಿಪಿಐ ಇಡಬೇಕು. ಸ್ಕ್ಯಾನರ್ ಸಿಗದಿದ್ದರೆ ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಶ್ ಇಲ್ಲದೆ ಮೇಲಿನಿಂದ ನೇರವಾಗಿ ತೆಗೆಯಬಹುದು. ಅಂಟಿಕೊಂಡ ಚಿತ್ರವನ್ನು ಗಾಜಿನಿಂದ ಬಲವಂತವಾಗಿ ಕೀಳಬಾರದು, ಮುಖವೇ ಎದ್ದು ಬರುತ್ತದೆ.

ಅಳತೆಯ ಕಡೆಗೂ ಗಮನ ಬೇಕು. ವೀಡಿಯೊ ಸಾಮಾನ್ಯವಾಗಿ 16:9 ಅಡ್ಡ ಅಥವಾ 9:16 ಉದ್ದ. ಹಳೆಯ ಚಿತ್ರಗಳು ಈ ಆಕಾರದವಲ್ಲ. ಸಾಧನ ಒಂದೋ ತುದಿಯಲ್ಲಿ ನಿಂತವರನ್ನು ಕತ್ತರಿಸುತ್ತದೆ, ಇಲ್ಲವೇ ಎರಡೂ ಬದಿಗೆ ಇಲ್ಲದ ಗೋಡೆ, ಇಲ್ಲದ ಮರ ಸೇರಿಸುತ್ತದೆ. ಕೆಲವು ಸಲ ಇಲ್ಲದ ಮನುಷ್ಯರನ್ನೂ ಸೇರಿಸುತ್ತದೆ.

ಸೂಚನೆಯನ್ನು ಕನ್ನಡದಲ್ಲಿ ಬರೆದರೂ ಕೆಲವು ಸಾಧನಗಳಿಗೆ ಅರ್ಥವಾಗುತ್ತದೆ, ಇಂಗ್ಲಿಷಿನಲ್ಲಿ ಬರೆದರೆ ಹೆಚ್ಚು ನಿಖರ. ಚಿತ್ರದಲ್ಲಿ ಏನಿದೆ ಎಂದು ವಿವರಿಸುವ ಅಗತ್ಯವಿಲ್ಲ, ಅದು ಕಾಣುತ್ತಲೇ ಇದೆ. ಏನು ಚಲಿಸಬೇಕು ಎಂಬುದನ್ನಷ್ಟೇ ಹೇಳಬೇಕು. ಒಂದು ವೀಡಿಯೊಗೆ ಒಂದೇ ಕೆಲಸ. ‘ಅಲುಗಾಡಬೇಡ’ ಎಂಬಂತಹ ನಿಷೇಧದ ಮಾತು ಎಷ್ಟೋ ಸಲ ತಿರುಗುಬಾಣವಾಗಿ ಅಲುಗಾಟವನ್ನೇ ತರುತ್ತದೆ. ‘ವ್ಯಕ್ತಿ ಸ್ಥಿರವಾಗಿ ಕುಳಿತಿದ್ದಾರೆ, ಹಿಂದಿನ ತೆಂಗಿನ ಗರಿ ಗಾಳಿಗೆ ಮೆಲ್ಲಗೆ ಆಡುತ್ತಿದೆ, ಕ್ಯಾಮೆರಾ ನಿಧಾನವಾಗಿ ಹತ್ತಿರ ಬರುತ್ತಿದೆ’ ಎಂದು ಬರೆಯುವುದು ಮೇಲು. ಮೊದಲ ಸಲಕ್ಕೇ ಸರಿಯಾಗಿ ಬರುವುದು ಅಪರೂಪ. ಪ್ರತಿ ಪ್ರಯತ್ನಕ್ಕೂ ಕ್ರೆಡಿಟ್ ಖರ್ಚಾಗುವುದರಿಂದ ಮೊದಲು ಕಡಿಮೆ ಅವಧಿ, ಕಡಿಮೆ ಗುಣಮಟ್ಟದಲ್ಲಿ ಮಾಡಿ ನೋಡಿ, ಒಪ್ಪಿಗೆಯಾದ ಮೇಲೆ ಪೂರ್ತಿ ತೆಗೆಯುವುದು ಜಾಣತನ.

ಬಂದ ವೀಡಿಯೊವನ್ನು ಕಳಿಸುವ ಮೊದಲು ನಿಧಾನಗತಿಯಲ್ಲಿ ಒಮ್ಮೆ ನೋಡಬೇಕು. ಬೆರಳುಗಳು ಕೂಡಿಕೊಳ್ಳುತ್ತವೆ, ಸೀರೆಯ ಅಂಚು ಬದಲಾಗುತ್ತದೆ, ಕಿವಿಯ ಓಲೆ ಒಂದು ಕಡೆ ಮಾಯವಾಗುತ್ತದೆ. ಬ್ಯಾನರಿನ ಕನ್ನಡ ಅಕ್ಷರಗಳು ಕರಗಿ ಯಾವ ಲಿಪಿಯೂ ಅಲ್ಲದ ಗೆರೆಗಳಾಗುತ್ತವೆ. ಬಾಯಿ ಮುಚ್ಚಿದ ಚಿತ್ರದಲ್ಲಿ ಹಲ್ಲು ಕಾಣುವುದಿಲ್ಲವಾದ್ದರಿಂದ ಯಂತ್ರವೇ ಹಲ್ಲು ಕಟ್ಟುತ್ತದೆ. ಬೊಚ್ಚು ಬಾಯಿಯ ಅಜ್ಜಿ ವೀಡಿಯೊದಲ್ಲಿ ಮೂವತ್ತೆರಡು ಹಲ್ಲು ಬಿಟ್ಟು ನಕ್ಕರೆ ಮೊಮ್ಮಕ್ಕಳಿಗೆ ಆಶ್ಚರ್ಯವಾಗುವುದಿಲ್ಲ, ಅಜ್ಜಿಯನ್ನು ಕಂಡಿದ್ದ ಮಕ್ಕಳಿಗೆ ಮಾತ್ರ ಇವರು ಯಾರು ಎನಿಸುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಗುಂಪು ಚಿತ್ರ. ಅದರಲ್ಲಿ ಒಂದೊಂದು ಮುಖವೂ ಸಾಸಿವೆಯಷ್ಟು. ಎರಡು ಸೆಕೆಂಡು ಕಳೆಯುವುದರಲ್ಲಿ ಹಿಂದಿನ ಸಾಲಿನವರೆಲ್ಲ ಬೇರೆಯವರಾಗಿರುತ್ತಾರೆ. ಗುಂಪು ಚಿತ್ರಕ್ಕೆ ಈ ಸಾಧನವನ್ನು ಬಳಸದಿರುವುದೇ ಲೇಸು.

ಮೂರ್ತಿ ಮತ್ತು ಮುನಿಗಳ ಚಿತ್ರ

ಶ್ರವಣಬೆಳಗೊಳದ ಗೊಮ್ಮಟೇಶ್ವರನು ಕಣ್ಣು ಮಿಟುಕಿಸುವಂತೆ, ಕೈ ಎತ್ತಿ ಆಶೀರ್ವದಿಸುವಂತೆ ಮಾಡುವುದು ಈ ಸಾಧನಗಳಿಗೆ ಸುಲಭ. ಭಕ್ತಿಯಿಂದಲೇ ಹಾಗೆ ಮಾಡುವವರೂ ಇರಬಹುದು. ಆದರೆ ಸುಮಾರು 981ರಲ್ಲಿ ಚಾವುಂಡರಾಯ ಮಾಡಿಸಿದ ಆ ವಿಗ್ರಹ ನಿಂತಿರುವುದು ಕಾಯೋತ್ಸರ್ಗದಲ್ಲಿ. ಕಾಲ ಬಳಿ ಹುತ್ತ, ತೊಡೆ ತೋಳುಗಳಿಗೆ ಹಬ್ಬಿದ ಬಳ್ಳಿ, ಇವೆಲ್ಲ ಶಿಲ್ಪಿ ಕೆತ್ತಿದ್ದು ಬಾಹುಬಲಿ ಎಷ್ಟು ಕಾಲ ಅಲುಗದೆ ನಿಂತಿದ್ದ ಎಂದು ತೋರಿಸುವುದಕ್ಕೆ. ಆ ದೇಹವನ್ನು ಅಲುಗಿಸಿದರೆ ಬಳ್ಳಿಗೆ ಅರ್ಥವೇ ಉಳಿಯುವುದಿಲ್ಲ. ಪಾದದ ಬಳಿಯ ಶಾಸನದ ಅಕ್ಷರಗಳೂ ವೀಡಿಯೊದಲ್ಲಿ ಕಲಸಿಹೋಗುತ್ತವೆ.

ಇನ್ನೊಂದು ತೊಡಕು ಇದೆ. ಈ ಸಾಧನಗಳಲ್ಲಿ ನಗ್ನತೆಯನ್ನು ತಡೆಯುವ ಶೋಧಕಗಳಿವೆ. ಅವಕ್ಕೆ ದಿಗಂಬರ ಮೂರ್ತಿ, ಮುನಿಗಳ ಚಿತ್ರ ಮತ್ತು ಅಶ್ಲೀಲ ಚಿತ್ರ ಇವುಗಳ ನಡುವಿನ ವ್ಯತ್ಯಾಸ ತಿಳಿಯಬೇಕೆಂದಿಲ್ಲ. ಚಿತ್ರವನ್ನು ತಿರಸ್ಕರಿಸಬಹುದು. ತಿರಸ್ಕರಿಸಿದರೆ ನಷ್ಟವಿಲ್ಲ. ತಿರಸ್ಕರಿಸದೆ ಮೈಮೇಲೆ ವಸ್ತ್ರ ಹೊದಿಸಿ ಕೊಟ್ಟರೆ ಅದು ದೊಡ್ಡ ತಪ್ಪು. ಪಿಂಛಿಯನ್ನು ಬೀಸಣಿಗೆ ಅಥವಾ ಪೊರಕೆಯೆಂದು, ಕಮಂಡಲವನ್ನು ಸಾಮಾನ್ಯ ಚೊಂಬೆಂದು ತಿಳಿದು ಆಡಿಸುವ ಸಂಭವವೂ ಉಂಟು. ಇವನ್ನು ಮಾಡಿದವರು ಗಮನಿಸದೆ ಹಂಚಿದರೆ ನೋಡಿದವರ ಮನಸ್ಸು ನೋಯುತ್ತದೆ.

ಮೂರ್ತಿ ಹಾಗೂ ಮುನಿಗಳ ಚಿತ್ರಕ್ಕೆ ಎಐ ಬೇಡವಾದ ಹಳೆಯ ಉಪಾಯವೊಂದಿದೆ. ಚಿತ್ರವನ್ನು ಹಾಗೆಯೇ ಇಟ್ಟು, ಕ್ಯಾಮೆರಾ ಅದರ ಮೇಲೆ ನಿಧಾನವಾಗಿ ಪಾದದಿಂದ ಮುಖದವರೆಗೆ ಸರಿಯುವಂತೆ ಅಥವಾ ಹತ್ತಿರ ಬರುವಂತೆ ಮಾಡುವುದು. ಅಮೆರಿಕದ ಸಾಕ್ಷ್ಯಚಿತ್ರಕಾರ ಕೆನ್ ಬರ್ನ್ಸ್ ಇದನ್ನು ಹೆಚ್ಚಾಗಿ ಬಳಸಿದ್ದರಿಂದ ‘ಕೆನ್ ಬರ್ನ್ಸ್ ಎಫೆಕ್ಟ್’ ಎಂಬ ಹೆಸರೇ ಬಂದಿದೆ. 1990ರ ಅವರ ‘ದಿ ಸಿವಿಲ್ ವಾರ್’ ಸರಣಿಯ ಕಾಲಕ್ಕೆ ಚಲಿಸುವ ಫಿಲ್ಮು ಸಿಗುವಂತಿರಲಿಲ್ಲ, ಏಕೆಂದರೆ ಆ ಯುದ್ಧ ನಡೆದದ್ದು 1861ರಿಂದ 1865ರವರೆಗೆ. ನಿಂತ ಚಿತ್ರಗಳಿಂದಲೇ ಗಂಟೆಗಟ್ಟಲೆ ಜನರನ್ನು ಕೂರಿಸಿದರು. ಸಾಧಾರಣ ವೀಡಿಯೊ ಸಂಪಾದನೆ ಆಪ್‌ಗಳಲ್ಲೂ ಈ ಸೌಲಭ್ಯ ಉಚಿತವಾಗಿ ಸಿಗುತ್ತದೆ. ಇದರಲ್ಲಿ ಒಂದು ಚುಕ್ಕೆಯೂ ಹೊಸದಾಗಿ ಹುಟ್ಟುವುದಿಲ್ಲ. ಭಕ್ತಿಯ ವೀಡಿಯೊಗೆ ಇದಕ್ಕಿಂತ ಹೆಚ್ಚಿನದು ಬೇಕೆಂದು ತೋರುವುದಿಲ್ಲ.

ಸಮಾರಂಭಗಳ ಹಳೆಯ ಚಿತ್ರ

ಮಹಾಮಸ್ತಕಾಭಿಷೇಕಗಳ ಛಾಯಾಚಿತ್ರಗಳು ಯಾತ್ರೆ ಹೋದವರ ಮನೆಗಳಲ್ಲಿ ಇಂದಿಗೂ ಇವೆ. 1967ರದು, 1981ರ ಸಹಸ್ರಾಬ್ದಿಯದು, 1993ರದು. 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಪುಷ್ಪವೃಷ್ಟಿ ಮಾಡಿದ್ದರು. ಅಂದಿನ ಒಂದು ಕಪ್ಪು ಬಿಳುಪು ಚಿತ್ರಕ್ಕೆ ಬಣ್ಣ ಹಚ್ಚಿ, ಕಲಶದ ನೀರು ಹರಿಯುವಂತೆ, ಜನ ಕೈ ಮುಗಿಯುವಂತೆ, ಜಯಘೋಷ ಕೇಳುವಂತೆ ಮಾಡಿ ಬಿಟ್ಟರೆ ಹತ್ತು ಕೈ ದಾಟುವುದರಲ್ಲಿ ಅದು ‘1981ರ ಅಪರೂಪದ ವೀಡಿಯೊ’ ಆಗುತ್ತದೆ. ಅದರಲ್ಲಿ ಅಟ್ಟಣಿಗೆಯ ಮೇಲೆ ನಿಂತವರು ಯಾರು, ಯಾವ ದ್ರವ್ಯದ ಅಭಿಷೇಕ, ಎಷ್ಟು ಜನ, ಎಲ್ಲ ಯಂತ್ರದ ಕಟ್ಟುಕಥೆ. ಅಂದು ನಿಜವಾಗಿ ಚಿತ್ರೀಕರಿಸಿದ ಫಿಲ್ಮು ಮುಂದೆ ಸಿಕ್ಕಿದಾಗ ಅದನ್ನೂ ಜನ ಎಐ ಎಂದು ತಳ್ಳಿಹಾಕುವ ಅಪಾಯವಿದೆ. ಸುಳ್ಳು ನಾಣ್ಯ ಹೆಚ್ಚಾದ ಸಂತೆಯಲ್ಲಿ ಒಳ್ಳೆಯ ನಾಣ್ಯವನ್ನೂ ಕಲ್ಲಿಗೆ ಕುಟ್ಟಿ ನೋಡುತ್ತಾರೆ.

ಆದ್ದರಿಂದ ಎಐ ವೀಡಿಯೊ ಮೇಲೆ ಮೊದಲಿನಿಂದ ಕೊನೆಯವರೆಗೆ ಕಾಣುವಂತೆ ‘ಛಾಯಾಚಿತ್ರದಿಂದ ಎಐ ಮೂಲಕ ತಯಾರಿಸಿದ್ದು’ ಎಂದು ಬರೆಯಬೇಕು. ಕೊನೆಯಲ್ಲಿ ಮೂಲ ಚಿತ್ರವನ್ನು ಎರಡು ಮೂರು ಸೆಕೆಂಡು ಹಾಗೆಯೇ ತೋರಿಸಿದರೆ ಇನ್ನೂ ಉತ್ತಮ. ಗೂಗಲ್ ತನ್ನ ವೀಡಿಯೊಗಳಲ್ಲಿ ಕಣ್ಣಿಗೆ ಕಾಣದ ‘ಸಿಂಥ್‌ಐಡಿ’ ಎಂಬ ಗುರುತನ್ನು ಸೇರಿಸುತ್ತದೆ, ಆದರೆ ವಾಟ್ಸಾಪಿನಲ್ಲಿ ನೋಡುವ ಹಿರಿಯರಿಗೆ ಕಾಣದ ಗುರುತಿನಿಂದ ಪ್ರಯೋಜನವಿಲ್ಲ. ಕೃತಕವಾಗಿ ತಯಾರಿಸಿದ ದೃಶ್ಯ ಮತ್ತು ಧ್ವನಿಗೆ ಗುರುತು ಹಾಕಬೇಕೆಂದು ಕೇಂದ್ರ ಸರ್ಕಾರವೂ 2026ರ ಫೆಬ್ರುವರಿಯಲ್ಲಿ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ತಿದ್ದುಪಡಿ ತಂದಿದೆ.

ಚಿತ್ರವನ್ನು ಸಾಧನಕ್ಕೆ ಕೊಡುವುದೆಂದರೆ ಬೇರೆಯವರ ಸರ್ವರಿಗೆ ಕಳಿಸುವುದು. ಉಚಿತ ಖಾತೆಗಳಲ್ಲಿ ತಯಾರಾದ ವೀಡಿಯೊ ಎಲ್ಲರಿಗೂ ಕಾಣುವಂತೆ ಇರುವುದುಂಟು. ಮಕ್ಕಳ, ಹೆಣ್ಣುಮಕ್ಕಳ ಚಿತ್ರಗಳನ್ನು ಮನೆಯವರ ಒಪ್ಪಿಗೆಯಿಲ್ಲದೆ ಹಾಕಲೇಬಾರದು. ತೀರಿಕೊಂಡವರ ವಿಷಯದಲ್ಲೂ ಹಾಗೆಯೇ. ಅಗಲಿಕೆಯ ನೋವು ಹಸಿಯಾಗಿರುವಾಗ ಪತ್ನಿಗೆ ಅಥವಾ ತಾಯಿಗೆ ಮುನ್ಸೂಚನೆ ಕೊಡದೆ ಸಭೆಯಲ್ಲಿ ಪರದೆಯ ಮೇಲೆ ಅವರನ್ನು ನಗಿಸಿ ತೋರಿಸುವುದು ಕ್ರೂರವಾಗಬಹುದು. ಮೊದಲು ಅವರೊಬ್ಬರಿಗೇ ತೋರಿಸಿ ಕೇಳಬೇಕು. ಪರಿಚಿತ ಹಿರಿಯರೋ ಸ್ವಾಮೀಜಿಯೋ ವೀಡಿಯೊದಲ್ಲಿ ಬಂದು ದಾನಕ್ಕಾಗಿ ಕ್ಯೂಆರ್ ಕೋಡ್ ತೋರಿಸಿದರೆ ಹಣ ಕಳಿಸುವ ಮೊದಲು ಮಠಕ್ಕೆ ಅಥವಾ ಆಡಳಿತ ಸಮಿತಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು.

ಕಂಪ್ಯೂಟರಿನಲ್ಲಿ ಎರಡು ಬೇರೆ ಬೇರೆ ಫೋಲ್ಡರ್ ಮಾಡಿ ಒಂದಕ್ಕೆ ‘ಅಸಲು’, ಇನ್ನೊಂದಕ್ಕೆ ‘ಎಐ’ ಎಂದು ಹೆಸರಿಡುವುದು ಸರಳ ವ್ಯವಸ್ಥೆ. ಅಸಲಿನಲ್ಲಿ ಸ್ಕ್ಯಾನ್ ಮಾಡಿದ ಕಡತ ತಿದ್ದದೆ ಇರಬೇಕು. ಬಣ್ಣ ಹಚ್ಚಿದ್ದು, ಗೀರು ತೆಗೆದದ್ದು ಕೂಡ ಎರಡನೆಯದಕ್ಕೆ ಹೋಗಬೇಕು. ಹಳೆಯ ಚಿತ್ರಗಳ ಹಿಂಬದಿಯಲ್ಲಿ ಸ್ಟುಡಿಯೊದ ಮುದ್ರೆ, ಊರು, ತಾರೀಖು, ನಿಂತವರ ಹೆಸರು ಬರೆದಿರುವುದುಂಟು. ಆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ಅದೇ ಫೋಲ್ಡರಿನಲ್ಲಿ ಜೊತೆಗೆ ಇಡಬೇಕು.