ಎಡದಿಂದ ಎಳೆದರೆ ಒಂದು, ಬಲದಿಂದ ಎಳೆದರೆ ಇನ್ನೊಂದು

ನನ್ನ ಸೋದರಮಾವ ಐಟಿಐ ಓದಿದ ಡ್ರಾಫ್ಟ್ಸ್‌ಮನ್. ಬೇಸಿಗೆ ರಜೆಗೆ ಊರಿಂದ ಅವರ ರೂಮಿಗೆ ಹೋದರೆ ಕಣ್ಣಿಗೆ ಬೀಳುತ್ತಿದ್ದದ್ದು ಒಂದು ದೊಡ್ಡ ಡ್ರಾಯಿಂಗ್ ಬೋರ್ಡು, ಇಂಕ್ ಪೆನ್ನುಗಳ ಡಬ್ಬಿ, ಮತ್ತೆ ಅರ್ಧ ಮುರಿದ ಶೇವಿಂಗ್ ಬ್ಲೇಡು. ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನಲ್ಲಿ ಎಳೆದ ಗೆರೆ ತಪ್ಪಾದರೆ ರಬ್ಬರಿಗೆ ಬಗ್ಗಲ್ಲ. ಬ್ಲೇಡಿನ ಮೂಲೆಯಿಂದ, ಪೇಪರ್ ಹರಿಯದ ಹಾಗೆ, ಉಸಿರು ಬಿಗಿಹಿಡಿದು ಕೆರೆಯಬೇಕು. ಮಾವ ಅದರಲ್ಲಿ ಎತ್ತಿದ ಕೈ. ಕೆರೆದ ಜಾಗ ಎಲ್ಲಿ ಅಂತ ಹುಡುಕಿದರೂ ಸಿಗುತ್ತಿರಲಿಲ್ಲ.

ಇದನ್ನು ಯಾಕೆ ಹೇಳ್ತಿದೀನಿ ಅಂದ್ರೆ, ಯಾವ ಗೆರೆ ಅಳಿಸಬೇಕು ಅಂತ ಅವರು ಆ ಬ್ಲೇಡಿಗೆ ಯಾವತ್ತೂ ಬೇರೆಯಾಗಿ ಹೇಳಬೇಕಾಗಿರಲಿಲ್ಲ. ಕೈ ಹೋದ ಕಡೆ ಬ್ಲೇಡು, ಬ್ಲೇಡು ಹೋದ ಕಡೆ ಗೆರೆ. 'ಆರಿಸುವುದು' ಅನ್ನೋ ಕೆಲಸವೇ ಇರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಅದೊಂದು ಪ್ರತ್ಯೇಕ ಕೆಲಸವಾಯಿತು.

2000ದ ಆಸುಪಾಸಿನಲ್ಲಿ ಮಾವ ಕೆಲಸ ಮಾಡುತ್ತಿದ್ದ ಆಫೀಸಿಗೂ ಆಟೋಕ್ಯಾಡ್ ಬಂತು. ಬೋರ್ಡು ಗೋಡೆಗೆ ಒರಗಿತು. ಒಂದು ಸಲ ಒಂದು ಮನೆಯ ಪ್ಲಾನಿನಲ್ಲಿ ಬಾತ್‌ರೂಮಿನ ಕಮೋಡು, ಬೇಸಿನ್ನು, ನೆಲದ ಜಾಲಿ, ಇವಿಷ್ಟನ್ನು ನಾಲ್ಕೂವರೆ ಇಂಚು ಸರಿಸಬೇಕಿತ್ತು. ಗೋಡೆಯ ಲೇಯರ್ ಆಫ್ ಮಾಡಿಕೊಂಡು ಮಾವ ಮೌಸಿನಲ್ಲಿ ಒಂದು ಚೌಕ ಎಳೆದರು. ಬಲದಿಂದ ಎಡಕ್ಕೆ. ಎಡದಿಂದ ಬಲಕ್ಕೆ ಎಳೆದಿದ್ದರೆ ಚೌಕದ ಒಳಗೆ ಪೂರ್ತಿ ಇರುವ ವಸ್ತುಗಳು ಮಾತ್ರ ಸಿಗುತ್ತಿದ್ದವು. ಬಲದಿಂದ ಎಳೆದರೆ ಚೌಕಕ್ಕೆ ತಾಗಿದ್ದೆಲ್ಲ ಸಿಗುತ್ತೆ. ಮೂಲೆಯ ಪಿಲ್ಲರಿನ ಒಂದು ಅಂಚು ತಾಗಿತ್ತು. ಕಮೋಡಿನ ಜೊತೆ ಪಿಲ್ಲರೂ ನಾಲ್ಕೂವರೆ ಇಂಚು ನಡೆಯಿತು.

ಸೈಟಿನಲ್ಲಿ ದಾರ ಕಟ್ಟುವಾಗ ಮೇಸ್ತ್ರಿ ಹಿಡಿದ. ಮೂರು ಪಿಲ್ಲರು ಒಂದೇ ಸಾಲಿಗೆ ಬರಬೇಕು, ಒಂದು ಬರ್ತಿಲ್ಲ ಅಂತ. ಅಷ್ಟರಲ್ಲಿ ಒಂದು ಗುಂಡಿ ತೋಡಿ ಆಗಿತ್ತು. ಆ ಗುಂಡಿಯ ಕೂಲಿ ಮಾವನ ಸಂಬಳದಲ್ಲಿ ಮುರಿದುಕೊಂಡರು. ಆಗ ಬಿಇ ಓದುತ್ತಿದ್ದ ನಾನು, ಲ್ಯಾಬಿನಲ್ಲಿ ನಾಲ್ಕು ಕಮಾಂಡು ಕಲಿತ ಜಂಬದಲ್ಲಿ, "ಅಷ್ಟೂ ಗೊತ್ತಾಗಲ್ವಾ ಮಾವ, ಯಾವ ಕಡೆಯಿಂದ ಎಳೀಬೇಕು ಅಂತ?" ಅಂದುಬಿಟ್ಟೆ. ಅವರು ಏನೂ ಹೇಳಲಿಲ್ಲ. ಎರಡು ವರ್ಷಕ್ಕೆ ಕೆಲಸ ಬಿಟ್ಟು ಊರಿಗೆ ಬಂದು ತೆಂಗಿನ ತೋಟ ನೋಡಿಕೊಂಡರು.

ಈ 'ಎಳೆಯುವುದು' ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದದ್ದು ಬಹಳ ವರ್ಷಗಳ ಮೇಲೆ, ನಾನೇ ಅದರ ಕೋಡ್ ಬರೆಯುವ ಕೆಲಸಕ್ಕೆ ಸೇರಿದಾಗ.

ಮೊದಲು ಪರದೆಯ ಮೇಲಿನ ವಸ್ತುವಿಗೆ ಗುರಿಯಿಟ್ಟವರು ಡ್ರಾಯಿಂಗಿನವರಲ್ಲ, ಮಿಲಿಟರಿಯವರು. ಅಮೆರಿಕದ ಎಂಐಟಿಯಲ್ಲಿ 1950ರ ಸುಮಾರಿಗೆ ವರ್ಲ್‌ವಿಂಡ್ ಎಂಬ ಕಂಪ್ಯೂಟರಿಗೆ ಲೈಟ್ ಗನ್ ಅಂತ ಒಂದು ಸಾಧನ ಮಾಡಿದರು. ಅದು ನೋಡಲಿಕ್ಕೂ ಪಿಸ್ತೂಲಿನ ಥರಾನೇ. ಅಲ್ಲಿಂದ ಅದು ಸೇಜ್ ಎಂಬ ವಾಯುರಕ್ಷಣಾ ವ್ಯವಸ್ಥೆಗೆ ಹೋಯಿತು. ರಾಡಾರ್ ಪರದೆಯ ಮೇಲೆ ವಿಮಾನದ ಚುಕ್ಕೆ ಕಂಡರೆ ಆಪರೇಟರ್ ಅದಕ್ಕೆ ಗನ್ ಹಿಡಿದು ಟ್ರಿಗರ್ ಒತ್ತುವುದು, ಕಂಪ್ಯೂಟರ್ ಆ ವಿಮಾನದ ವಿವರ ತೋರಿಸುವುದು. (ಆ ಕನ್ಸೋಲಿನಲ್ಲಿ ಸಿಗರೇಟ್ ಲೈಟರು, ಆಶ್‌ಟ್ರೇ ಎರಡೂ ಇದ್ದವು. ನಮ್ಮ ಆಫೀಸಿನ ಮೇಜಿಗೆ ಒಂದು ಸರಿಯಾದ ಚಾರ್ಜಿಂಗ್ ಪಾಯಿಂಟ್ ಹಾಕಿಸೋಕೆ ಮೂರು ಟಿಕೆಟ್ ಹಾಕಬೇಕಾಯಿತು.)

ಅದೇ ಉಪಾಯವನ್ನು ಡ್ರಾಯಿಂಗಿಗೆ ತಂದವರು ಐವನ್ ಸದರ್ಲೆಂಡ್. 1963ರ ಜನವರಿಯಲ್ಲಿ ಎಂಐಟಿಗೆ ಒಪ್ಪಿಸಿದ ಪಿಎಚ್‌ಡಿ ಪ್ರಬಂಧ, ಅದರ ಪ್ರೋಗ್ರಾಮಿನ ಹೆಸರು ಸ್ಕೆಚ್‌ಪ್ಯಾಡ್. ವಯಸ್ಸು 24. ಗೈಡ್ ಯಾರು ಅಂದ್ರೆ ಕ್ಲಾಡ್ ಶಾನನ್! ಮಷೀನು ಲಿಂಕನ್ ಲ್ಯಾಬೊರೇಟರಿಯ ಟಿಎಕ್ಸ್-2. ಪರದೆ ಏಳು ಇಂಚಿನ ಚೌಕ, ಅಡ್ಡಕ್ಕೆ 1024, ಉದ್ದಕ್ಕೆ 1024 ಚುಕ್ಕೆಗಳ ಜಾಗ. ಬಲಗೈಯಲ್ಲಿ ಲೈಟ್ ಪೆನ್ನು, ಎಡಗೈ ಹತ್ತಿರ ಬಟನ್ನುಗಳ ಡಬ್ಬಿ. ಗೆರೆಯ ಮೇಲೆ ಪೆನ್ನು ಹಿಡಿದು ಅಳಿಸುವ ಬಟನ್ ಒತ್ತಿದರೆ ಗೆರೆ ಮಾಯ.

ಇಲ್ಲಿ ಒಂದು ಸ್ವಾರಸ್ಯ ಇದೆ, ಸ್ವಲ್ಪ ನಿಂತು ನೋಡೋಣ. ಲೈಟ್ ಪೆನ್ನಿನಿಂದ ಬೆಳಕು ಬರುವುದಿಲ್ಲ. ಹೆಸರು ಕೇಳಿ ನಾನೂ ಟಾರ್ಚಿನ ಥರ ಅಂದುಕೊಂಡಿದ್ದೆ. ಅದರೊಳಗೆ ಇರುವುದು ಬೆಳಕನ್ನು ನೋಡುವ ಒಂದು ಕಣ್ಣು, ಅಷ್ಟೇ. ಆ ಕಣ್ಣಿಗೆ ತಾನು ಪರದೆಯ ಮೇಲೆ ಎಲ್ಲಿದ್ದೀನಿ ಅನ್ನೋದು ಗೊತ್ತೇ ಇಲ್ಲ. ಎದುರಿಗೆ ಬೆಳಕು ಮಿಂಚಿದಾಗ "ಈಗ ಕಂಡಿತು" ಅಂತ ಮಾತ್ರ ಹೇಳಬಲ್ಲದು. ಆದರೆ ಕಂಪ್ಯೂಟರು ಚಿತ್ರದ ಚುಕ್ಕೆಗಳನ್ನು ಒಂದಾದ ಮೇಲೊಂದು ಹಚ್ಚುತ್ತಾ ಹೋಗುತ್ತಿರುತ್ತದೆ. ಪೆನ್ನು ಕೂಗಿದ ಆ ಕ್ಷಣಕ್ಕೆ ತಾನು ಯಾವ ಚುಕ್ಕೆ ಹಚ್ಚುತ್ತಿದ್ದೆ ಅನ್ನೋದು ಅದಕ್ಕೆ ಗೊತ್ತು. ಅಂದರೆ "ಎಲ್ಲಿ?" ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು "ಯಾವಾಗ?" ಅಂತ ಕೇಳಿ.

ಸರಿ, ಚುಕ್ಕೆ ಗೊತ್ತಾಯಿತು. ಅದು ಯಾವ ಗೆರೆಯ ಚುಕ್ಕೆ? ಟಿಎಕ್ಸ್-2ರಲ್ಲಿ ಒಂದೊಂದು ಮೆಮೊರಿ ಪದಕ್ಕೆ 36 ಬಿಟ್ಟು. ಚುಕ್ಕೆಯ ಸ್ಥಾನಕ್ಕೆ ಹತ್ತು ಮತ್ತು ಹತ್ತು, ಇಪ್ಪತ್ತು ಬಿಟ್ಟು ಸಾಕು. ಉಳಿದ ಹದಿನಾರರಲ್ಲಿ ಸದರ್ಲೆಂಡ್ ಆ ಚುಕ್ಕೆ ಯಾವ ವಸ್ತುವಿಗೆ ಸೇರಿದ್ದು ಅಂತ ಅದರ ವಿಳಾಸ ಬರೆದಿಟ್ಟರು. ನಮ್ಮೂರಿನಲ್ಲಿ ಜಾತ್ರೆಗೆ ಕೊಡುವ ಪಾತ್ರೆಗಳ ಮೇಲೆ ಮನೆಯವರ ಹೆಸರು ಕೆತ್ತಿಸುತ್ತಾರಲ್ಲ, ಹಾಗೆ. ಯಾವ ಪಾತ್ರೆ ಎತ್ತಿದರೂ ಯಾರ ಮನೆಯದು ಅಂತ ತಿರುಗಿಸಿ ನೋಡಿದರೆ ಆಯಿತು.

ಇನ್ನೊಂದು ತೊಂದರೆಗೂ ಅವರು ಆಗಲೇ ಮದ್ದು ಹುಡುಕಿದ್ದರು. ಮನುಷ್ಯನ ಕೈ ನಡುಗುತ್ತೆ, ಪೆನ್ನಿನ ಕಣ್ಣಿಗೆ ಒಂದೇ ಸಲ ಅಕ್ಕಪಕ್ಕದ ನಾಲ್ಕು ಚುಕ್ಕೆ ಕಾಣುತ್ತೆ. ಅದಕ್ಕೆ ಪೆನ್ನು ನಿಜವಾಗಿ ಇರುವ ಜಾಗ ಬೇರೆ, ಪ್ರೋಗ್ರಾಮು ಲೆಕ್ಕಕ್ಕೆ ತೆಗೆದುಕೊಳ್ಳುವ ಜಾಗ ಬೇರೆ ಅಂತ ಮಾಡಿದರು. ಗೆರೆಯ ಹತ್ತಿರ ಬಂದರೆ ಸಾಕು, ಲೆಕ್ಕದ ಜಾಗ ಸೀದಾ ಗೆರೆಯ ಮೇಲೆ ಹೋಗಿ ಕೂರುತ್ತದೆ. ಇವತ್ತು ಕ್ಯಾಡ್ ಬಳಸುವವರು ಸ್ನ್ಯಾಪ್ ಅಂತ ಕರೆಯುವುದು ಇದನ್ನೇ. ಹಾಗೇ, ಒಂದು ಬಿಂದುವನ್ನು ಅಳಿಸಿದರೆ ಅದನ್ನು ನೆಚ್ಚಿಕೊಂಡ ಗೆರೆಗಳೂ ಹೋಗಬೇಕು ಅನ್ನುವ ನಿಯಮವೂ ಸ್ಕೆಚ್‌ಪ್ಯಾಡಿನಲ್ಲಿತ್ತು. ಬ್ಲೇಡಿನ ಕಾಲದಲ್ಲಿ ಇಂಥ ಯೋಚನೆ ಬರಲು ಸಾಧ್ಯವೇ ಇರಲಿಲ್ಲ.

ಲೈಟ್ ಪೆನ್ನಿನ ದೊಡ್ಡ ಕಷ್ಟ ಅಂದ್ರೆ ಕೈನೋವು. ನಿಂತ ಪರದೆಗೆ ಕೈ ಚಾಚಿಕೊಂಡು ಎಷ್ಟು ಹೊತ್ತು ಕೂರೋದು? ಕ್ಯಾಲಿಫೋರ್ನಿಯಾದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ತಂಡ ಪರದೆಯ ಮೇಲಿನದನ್ನು ಆರಿಸಲು ಯಾವ ಸಾಧನ ಒಳ್ಳೇದು ಅಂತ ಪರೀಕ್ಷೆ ಮಾಡಿ 1967ರಲ್ಲಿ ಪ್ರಕಟಿಸಿತು. ಲೈಟ್ ಪೆನ್, ಜಾಯ್‌ಸ್ಟಿಕ್, ಅವರದೇ ಮೌಸು, ಜೊತೆಗೆ ಮೇಜಿನ ಕೆಳಗೆ ಮೊಣಕಾಲಿನಿಂದ ಆಡಿಸುವ ಒಂದು ಸಾಧನ! ಹೊಸಬರ ಕೈಯಲ್ಲಿ, ಅಲ್ಲ ಕಾಲಿನಲ್ಲಿ, ಆ ಮೊಣಕಾಲಿನದು ಚೆನ್ನಾಗಿಯೇ ಓಡಿತು. ಪಳಗಿದವರಿಗೆ ಮಾತ್ರ ಮೌಸು ಮುಂದೆ. 1968ರ ಡಿಸೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಎಂಗೆಲ್‌ಬಾರ್ಟ್ ಆ ಮೌಸನ್ನು ಜನರ ಮುಂದೆ ಆಡಿಸಿ ತೋರಿಸಿದ ಕತೆ ನಿಮಗೆಲ್ಲ ಗೊತ್ತಿರುವುದೇ.

ಮೌಸಿನಿಂದ ಒಂದು ಅನುಕೂಲ ಕಳೆದುಹೋಯಿತು ಅನ್ನೋದನ್ನು ಮಾತ್ರ ಯಾರೂ ಹೇಳಲ್ಲ. ಪೆನ್ನಿಗೆ ಕಣ್ಣಿತ್ತು, ಮೌಸಿಗಿಲ್ಲ. ಅದು ಕೊಡುವುದು ಎರಡು ಅಂಕಿ: ಅಡ್ಡಕ್ಕೆ ಇಷ್ಟು, ಉದ್ದಕ್ಕೆ ಇಷ್ಟು. ಆ ಜಾಗದಲ್ಲಿ ಏನಿದೆ ಅಂತ ಪ್ರೋಗ್ರಾಮೇ ಲೆಕ್ಕ ಹಾಕಿ ಹುಡುಕಬೇಕು. ನನ್ನಂಥವರಿಗೆ ಸಂಬಳ ಸಿಗುವುದು ಈ ಹುಡುಕಾಟದಿಂದ.

ಚೌಕದ ಲೆಕ್ಕಕ್ಕೆ ಬೇಕಾದ ಕೀಲಿಕೈ ಸಿಕ್ಕಿದ್ದೂ ಸದರ್ಲೆಂಡ್ ಹತ್ತಿರವೇ. 1967ರ ಸುಮಾರಿಗೆ ಅವರು ಡ್ಯಾನಿ ಕೋಹೆನ್ ಜೊತೆ ವಿಮಾನ ಹಾರಿಸುವ ಸಿಮ್ಯುಲೇಟರ್ ಮೇಲೆ ಕೆಲಸ ಮಾಡುತ್ತಿದ್ದರು. ಕಿಟಕಿಯ ಹೊರಗೆ ಬೀಳುವ ಗೆರೆಗಳನ್ನು ಬೇಗ ಕತ್ತರಿಸಿ ಹಾಕಬೇಕಿತ್ತು. ಗೆರೆಯ ಒಂದೊಂದು ತುದಿಗೂ ನಾಲ್ಕು ಬಿಟ್ಟಿನ ಒಂದು ಸಂಕೇತ ಕೊಡಿ: ಕಿಟಕಿಗಿಂತ ಮೇಲಿದೆಯಾ, ಕೆಳಗಿದೆಯಾ, ಬಲಕ್ಕಾ, ಎಡಕ್ಕಾ. ಎರಡೂ ತುದಿ ಸೊನ್ನೆಯಾದರೆ ಗೆರೆ ಪೂರ್ತಿ ಒಳಗೆ. ಎರಡೂ ತುದಿ ಒಂದೇ ಪಕ್ಕದ ಆಚೆ ಇದ್ದರೆ ಪೂರ್ತಿ ಹೊರಗೆ. ಉಳಿದವನ್ನು ಮಾತ್ರ ಕಿಟಕಿಯ ಅಂಚಿಗೆ ಕತ್ತರಿಸಿ ನೋಡಿದರಾಯಿತು. ಇದನ್ನು ಬಿಇ ಗ್ರಾಫಿಕ್ಸ್ ಪೇಪರಿಗೆ ಬಾಯಿಪಾಠ ಮಾಡಿ ಹತ್ತು ಮಾರ್ಕ್ಸ್ ತಗೊಂಡವರು ನಮ್ಮಲ್ಲಿ ಬಹಳ ಜನ ಇದೀವಿ. ಮಾವನ ಎಡದ ಚೌಕ, ಬಲದ ಚೌಕ ಎರಡೂ ಇದರಲ್ಲೇ ಅಡಗಿದೆ ಅಂತ ಯಾವ ಲೆಕ್ಚರರೂ ಹೇಳಲಿಲ್ಲ.

1982ರಲ್ಲಿ ಜಾನ್ ವಾಕರ್ ಮತ್ತು ಗೆಳೆಯರು ಆಟೋಡೆಸ್ಕ್ ಕಟ್ಟಿದರು. ಮೈಕ್ ರಿಡಲ್ ಎಂಬುವರು ಬರೆದಿದ್ದ ಇಂಟರ್‌ಆಕ್ಟ್ ಎಂಬ ಪ್ರೋಗ್ರಾಮೇ ಆಟೋಕ್ಯಾಡಿನ ಬೇರು. ಅದೇ ವರ್ಷ ನವೆಂಬರಿನಲ್ಲಿ ಲಾಸ್‌ವೇಗಸ್‌ನ ಕಾಮ್‌ಡೆಕ್ಸ್ ಮೇಳದಲ್ಲಿ ತೋರಿಸಿದರು. ದೊಡ್ಡ ಕಂಪ್ಯೂಟರಿನ ಬೆಲೆ ಕೊಡಲಾಗದ ಸಣ್ಣ ಆಫೀಸಿನವರೂ ಪಿಸಿಯಲ್ಲಿ ನಕ್ಷೆ ಬರೆಯುವ ಹಾಗಾಯಿತು. ಅಲ್ಲಿನ ಮಾತಿನ ಕ್ರಮ ಹೀಗೆ: ಮೊದಲು ಕ್ರಿಯಾಪದ, ಆಮೇಲೆ ಕರ್ಮ. ಅಳಿಸು ಅಂತ ಟೈಪ್ ಮಾಡಿದರೆ 'ಸೆಲೆಕ್ಟ್ ಆಬ್ಜೆಕ್ಟ್ಸ್' ಅಂತ ಕೇಳುತ್ತದೆ, ಆಮೇಲೆ ನೀವು ತೋರಿಸಬೇಕು. ಕನ್ನಡದವರಿಗೆ ಇದು ತಲೆಕೆಳಗು. ನಾವು 'ಬಾಗಿಲು ಹಾಕು' ಅಂತೀವೇ ಹೊರತು 'ಹಾಕು... ಏನನ್ನ? ಬಾಗಿಲನ್ನ' ಅನ್ನಲ್ಲ. ಮೊದಲು ಆರಿಸಿ ಆಮೇಲೆ ಕೆಲಸ ಹೇಳುವ ಕ್ರಮ ಜೆರಾಕ್ಸ್ ಸ್ಟಾರ್, ಮ್ಯಾಕಿಂತೋಷ್ ಕಡೆ ಬೆಳೆದದ್ದು. ಆಟೋಕ್ಯಾಡ್ ಅದಕ್ಕೆ ಒಗ್ಗಿಕೊಂಡದ್ದು 1992ರ ರಿಲೀಸ್ 12ರಲ್ಲಿ. ಆರಿಸಿದ ಗೆರೆಯ ಮೇಲೆ ಹಿಡಿಯಲು ಪುಟ್ಟ ಚೌಕಗಳು ಮೂಡುವ ಗ್ರಿಪ್‌ಗಳೂ ಆಗಲೇ ಬಂದದ್ದು.

ಚೌಕ ಎಳೆಯುವುದಕ್ಕೆ ಮೊದಮೊದಲು ಕೀಬೋರ್ಡಿನಲ್ಲಿ ಹೇಳಬೇಕಿತ್ತು. ಡಬ್ಲ್ಯೂ ಒತ್ತಿದರೆ ವಿಂಡೋ, ಸಿ ಒತ್ತಿದರೆ ಕ್ರಾಸಿಂಗ್. ಆಮೇಲೆ ಯಾರಿಗೋ ಹೊಳೆದಿದೆ, ಆ ಒಂದು ಅಕ್ಷರ ಉಳಿಸಬಹುದಲ್ಲ ಅಂತ. ಕೈ ಹೇಗೂ ಎಡದಿಂದ ಹೋಗುತ್ತೆ ಇಲ್ಲ ಬಲದಿಂದ ಹೋಗುತ್ತೆ, ಆ ದಿಕ್ಕನ್ನೇ ಅರ್ಥ ಮಾಡಿಕೊಂಡರಾಯಿತು. ಎಷ್ಟು ಜಾಣತನದ್ದು ನೋಡಿ! ದಿನಕ್ಕೆ ಸಾವಿರ ಸಲ ಆರಿಸುವವನಿಗೆ ಸಾವಿರ ಒತ್ತು ಉಳಿಯಿತು. ಮುಂದೆ ರೆವಿಟ್, ಸ್ಕೆಚ್‌ಅಪ್‌ನಲ್ಲೂ ಇದೇ ಪದ್ಧತಿ. ಇಲ್ಲಸ್ಟ್ರೇಟರ್‌ನವರು ಮಾತ್ರ ಒಪ್ಪಲಿಲ್ಲ, ಅಲ್ಲಿ ಹೇಗೆ ಎಳೆದರೂ ತಾಗಿದ್ದೆಲ್ಲ ಬರುತ್ತೆ. ನನಗಂತೂ ಈ ಜಾಣತನದ ಬಗ್ಗೆ ಈಗ ಎರಡು ಮನಸ್ಸು. ಬಾಯಿಬಿಟ್ಟು ಹೇಳಬೇಕಾದ್ದನ್ನು ಕೈಯ ಅಭ್ಯಾಸಕ್ಕೆ ಬಿಟ್ಟರೆ, ಕೈ ತಪ್ಪಿದ್ದು ಬಾಯಿಗೆ ಗೊತ್ತಾಗಲ್ಲ.

ನನ್ನ ಸರದಿಯೂ ಬಂತು. ಆಗ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಒಂದು ಡ್ರಾಯಿಂಗ್ ಟೂಲಿಗೆ ಎಡದ ಚೌಕದ ಕೋಡ್ ನಾನು ಬರೆದೆ. ಗೆರೆಗೆ ಎರಡು ತುದಿ ನೋಡಿದೆ. ಕಮಾನಿಗೂ ಎರಡು ತುದಿ ಇದೆಯಲ್ಲ, ಅದನ್ನೂ ಹಾಗೇ ನೋಡಿದೆ. ಟೆಸ್ಟ್ ಮಾಡಿದ ಮನೆ ಪ್ಲಾನುಗಳಲ್ಲಿ ಬಾಗಿಲು ತೆರೆಯುವ ಕಾಲುವೃತ್ತಗಳು ನೂರಾರು ಇದ್ದವು, ಎಲ್ಲ ಪಾಸು. ಪಾಸಾಗಲೇಬೇಕು. ನೇರ ಗೋಡೆಯಲ್ಲಿನ ಬಾಗಿಲಿನ ಕಾಲುವೃತ್ತ ತನ್ನ ಎರಡು ತುದಿ ಹಾಕಿಕೊಟ್ಟ ಚೌಕದಿಂದ ಆಚೆ ಹೋಗುವುದೇ ಇಲ್ಲ! ಗ್ರಾಹಕರೊಬ್ಬರ ಪ್ಲಾನಿನಲ್ಲಿ ಅರ್ಧವೃತ್ತದ ಬಾಲ್ಕನಿ ಇತ್ತು. ಎರಡು ತುದಿ ಗೋಡೆಯಲ್ಲಿ, ಹೊಟ್ಟೆ ಮಾತ್ರ ಆಚೆ. ಒಳಗಿನ ರೂಮು ಆರಿಸಿ ಸರಿಸಿದವರ ಜೊತೆ ಬಾಲ್ಕನಿಯೂ ಹೊರಟಿತು. ಅವರು ಎಳೆದ ದಿಕ್ಕು ಸರಿಯಾಗಿಯೇ ಇತ್ತು.

ನನ್ನ ಸಂಬಳದಲ್ಲಿ ಯಾರೂ ಏನೂ ಮುರಿಯಲಿಲ್ಲ. ಬಗ್ ನಂಬರ್ ಕೊಟ್ಟರು, ಎರಡು ದಿನದಲ್ಲಿ ಸರಿ ಮಾಡಿದೆ, ರಿಲೀಸ್ ನೋಟಿನಲ್ಲಿ ಒಂದು ಸಾಲು ಹಾಕಿದರು.

ಆ ಯುಗಾದಿಗೆ ಊರಿಗೆ ಹೋದಾಗ ಮಾವನಿಗೆ ಈ ಕತೆ ಹೇಳಿದೆ. ಅವರು ಕಾಯಿ ಸುಲಿಯುತ್ತಾ ಕೇಳಿದರು. ಆಮೇಲೆ ಒಳಗೆ ಹೋಗಿ ಟ್ರಂಕಿನಿಂದ ಒಂದು ಸಿಡಿ ತಂದರು. ಆ ಮನೆಯ ಪ್ಲಾನು, ಸರಿಸುವುದಕ್ಕೆ ಮೊದಲಿನದು. ಇಷ್ಟು ವರ್ಷ ಇಟ್ಟುಕೊಂಡಿದ್ದರು. ನನ್ನ ಲ್ಯಾಪ್‌ಟಾಪಿಗೆ ಸಿಡಿ ಡ್ರೈವ್ ಇರಲಿಲ್ಲ, ಬೆಂಗಳೂರಿಗೆ ತಂದು ತೆರೆದೆ. ಗೋಡೆಯ ಲೇಯರ್ ಆಫ್ ಮಾಡಿ, ಬಾತ್‌ರೂಮಿನ ಮೇಲೆ ಎಡದಿಂದ ಎಳೆದೆ. ಕಮಾಂಡ್ ಲೈನು '13 ಫೌಂಡ್' ಅಂದಿತು. ಅದೇ ಚೌಕವನ್ನು ಬಲದಿಂದ ಎಳೆದೆ. '14 ಫೌಂಡ್.' ಕೆಳಗೆ ಮೂಲೆಯಲ್ಲಿ, ಚಿಕ್ಕ ಅಕ್ಷರದಲ್ಲಿ.

ಮಾವನಿಗೆ ಫೋನ್ ಮಾಡಿದೆ. "ಕಂಪ್ಯೂಟರ್ ಹೇಳಿತ್ತು ಮಾವ, ಒಂದು ಜಾಸ್ತಿ ಇದೆ ಅಂತ. ನೀವು ನೋಡಿಲ್ಲ ಅಷ್ಟೇ."

"ಹದಿಮೂರು ಇರಬೇಕು ಅಂತ ನಂಗೆ ಮೊದಲೇ ಯಾರು ಹೇಳಿದ್ರಪ್ಪಾ?" ಅಂದರು.